ಸ್ಮರಣ ಸಂಚಿಕೆಗೆ ಎರಡು ಪುಟ

ಹಾಸ್ಟೆಲಿನ ಇತಿಹಾಸ ಬರೆದುಕೊಡಿ, ಎರಡೇ ಪುಟ,
ಅಂದರು ಕಮಿಟಿಯವರು.
ಅಧ್ಯಕ್ಷರ ಪಟ್ಟಿ ಕೊಟ್ಟರು, ಶಂಕುಸ್ಥಾಪನೆಯ ಫೋಟೊ ಕೊಟ್ಟರು.
ಫೋಟೊದಲ್ಲಿ ಹನ್ನೊಂದು ಪೇಟ;
ಅಂಚಿನಲ್ಲಿ ಹಾರದ ತಟ್ಟೆ ಹಿಡಿದ ಕೈಯೊಂದು,
ಬಳೆಯವರೆಗೆ ಮಾತ್ರ.

ನಾನು ಬೀರುವಿನಿಂದ ಗೇಟಿನ ಪುಸ್ತಕ ತೆಗೆದೆ.
ಗೆದ್ದಲು ತಿಂದು ಮಿಕ್ಕಿದ್ದು ಸಾಕಷ್ಟಿದೆ.

ಆಗ ಏಳಕ್ಕೆಲ್ಲ ಬೀಗ.
ಹಿಲ್ಡಾ, ಟೆಲಿಫೋನ್ ಎಕ್ಸ್‌ಚೇಂಜು,
ಪಾಳಿ ಮುಗಿಯುವುದು ಹನ್ನೊಂದಕ್ಕೆ.
ಆರು ರಾತ್ರಿ ಷರಾ: ‘ಹೊರಗೆ.’
ಎಲ್ಲಿ ಮಲಗಿದಳೋ ಪುಸ್ತಕ ಹೇಳುವುದಿಲ್ಲ.
ಏಳನೆಯ ರಾತ್ರಿ
ವಾರ್ಡನ್ ದೇವಮ್ಮಣ್ಣಿಯವರ ದುಂಡನೆ ಅಕ್ಷರ:
‘ಬೀಗ ಕೆಟ್ಟಿದೆ. ರಿಪೇರಿಗೆ ಹೇಳಿದೆ.’

ಹತ್ತೊಂಬತ್ತು ವರ್ಷ ಕೆಟ್ಟೇ ಇತ್ತು ಆ ಬೀಗ.
ಕಮಿಟಿ ತಪಾಸಣೆಯ ಹಿಂದಿನ ದಿನ
ತಪ್ಪದೆ ಒಂದು ಸಾಲು:
ರಿಪೇರಿಗೆ ಹೇಳಿದೆ.

ಅಷ್ಟರಲ್ಲಿ ಬಂದರು, ಹೋದರು, ಬಂದರು:
ರೇಷ್ಮೆ ಕಾರ್ಖಾನೆಯ ಚಿಕ್ಕತಾಯಿ,
ಮಗ್ಗದ ಸದ್ದು ಕಿವಿಯಲ್ಲೇ ಉಳಿದು
ಗುಟ್ಟನ್ನೂ ಕೂಗಿ ಹೇಳುವವಳು;
ಚೆಲುವಾಂಬ ಆಸ್ಪತ್ರೆಯ ಖುರ್ಷೀದಾ,
ನಡುರಾತ್ರಿ ಅಡುಗೆಮನೆಗೆ ನುಗ್ಗಿ,
‘ಮೂರು ಹೆರಿಗೆ ಕಣ್ರೇ, ಒಂದಕ್ಕೂ ಹೆಣ್ಣೆಂದು ಅತ್ತರು,
ಸಾರು ಮಿಕ್ಕಿದೆಯಾ?’
ಬೆರಳಚ್ಚಿನ ವಿಮಲಾಕ್ಷಿ,
ಮನಿಯಾರ್ಡರಿನ ರಸೀದಿಗಳನ್ನೇ
ದಿಂಬಿನೊಳಗೆ ತುಂಬಿದವಳು.

ಎಂಬತ್ಮೂರರ ಆಗಸ್ಟಿನಲ್ಲಿ ನಾನೂ ಇದ್ದೇನೆ.
ಒಳಬಂದ ಹೊತ್ತು: ಹತ್ತು ನಲವತ್ತು.
ಎಲ್ಲರೂ ಪಾಳಿ, ಡ್ಯೂಟಿ, ಆಡಿಟ್ ಎಂದು ಬರೆದಿದ್ದಾರೆ.
ನಾನು ಆವತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ
ಒಬ್ಬಳೇ ನಡೆದು, ಕಡಲೆಕಾಯಿ ತಿಂದು ಬಂದಿದ್ದೆ.
ಕಾರಣ ಎಂಬಲ್ಲಿ, ಕೈ ನಡುಗಿದೆ, ಬರೆದಿದ್ದೇನೆ:
ಸುಮ್ಮನೆ.

ಪಕ್ಕದಲ್ಲಿ ಕೆಂಪು ಶಾಯಿಯ ರೈಟು.