ಹನ್ನೊಂದು ನಿಮಿಷ, ಸದ್ದಿಲ್ಲದೆ

ಪೆನ್‌ಡ್ರೈವ್ ತಂದುಕೊಟ್ಟವಳು ಮಿಂಗೆಲ್ ಮಾಸ್ತರರ ಮಗಳು.
ಅಪ್ಪನ ಸ್ಟುಡಿಯೋ ಖಾಲಿ ಮಾಡುವಾಗ
ಮದುವೆ ಕ್ಯಾಸೆಟ್ಟುಗಳ ಅಡಿಯಲ್ಲಿ ಸಿಕ್ಕಿತಂತೆ.
ಬೂಷ್ಟು ಒರೆಸಿ, ಹುಬ್ಬಳ್ಳಿಗೆ ಕಳಿಸಿ, ಉಳಿದದ್ದು ಇಷ್ಟು:
ಹನ್ನೊಂದು ನಿಮಿಷ. ಚಿತ್ರ ಇದೆ. ಧ್ವನಿ ಇಲ್ಲ.
'ಆಯ್‌ಸ್ಟರ್ ರಾಕ್ ಅಂದರೆ ಜೀವ ಬಿಡುತ್ತಿದ್ದವಳು ನೀನೊಬ್ಬಳೇ, ಸುಗಂಧಾ.
ಇಟ್ಟುಕೋ.'

ಝೆರಾಕ್ಸ್ ಅಂಗಡಿಯ ಶಟರ್ ಅರ್ಧ ಇಳಿಸಿ ಕೂತೆ.

ಕಾರವಾರದ ಕಡಲಲ್ಲಿ ದೀಪ ಹೊತ್ತು ನಿಂತ ಬಂಡೆಯ
ಹೆಸರನ್ನೇ ಇಟ್ಟುಕೊಂಡು ನಾಲ್ವರು ಹುಡುಗರು
ಎಂಬತ್ತೆಂಟರ ಡಿಸೆಂಬರಿನಲ್ಲಿ
ಕೋಡಿಬಾಗದ ಶಾಲೆಯ ಹಾಲಿನಲ್ಲಿ
ಟಿಕೆಟಿಟ್ಟು ಬಾರಿಸಿದ್ದರು. ಐದು ರೂಪಾಯಿ.
ಅಷ್ಟಕ್ಕೆ ಆಯಿ ಅರ್ಧ ಬುಟ್ಟಿ ತಾರ್ಲೆ ಮಾರಬೇಕಿತ್ತು.

ಹಾಗಾಗಿ ನಾನು ಒಳಗಿರಲಿಲ್ಲ.
ಇದನ್ನು ಯಾರಿಗೂ ಹೇಳಿಲ್ಲ.
'ನಾನು ಇದ್ದೆ' ಅಂತಲೇ ಹೇಳಿಕೊಂಡು ಬಂದಿದ್ದೇನೆ,
ಗಂಡನಿಗೆ, ಗಿಟಾರ್ ಕ್ಲಾಸಿಗೆ ಹೋಗುವ ಅಣ್ಣನ ಮಗನಿಗೆ,
ಒಮ್ಮೆ ಬಸ್ಸಿನಲ್ಲಿ, ಟಿಕೆಟ್ ಮಾತ್ರ ಕೇಳಿದ್ದ ಕಂಡಕ್ಟರನಿಗೂ.
ಇದ್ದೆ, ಸುಳ್ಳಲ್ಲ. ಗೋಡೆಯ ಆಚೆ ಇದ್ದೆ.
ಹನ್ನೆರಡು ವರ್ಷ. ಆಯಿಯ ಖಾಲಿ ಬುಟ್ಟಿ ಬೋರಲು ಹಾಕಿ
ಮೇಲೆ ನಿಂತರೂ ಕಿಟಕಿ ಇನ್ನೊಂದು ಗೇಣು ಎತ್ತರ.
ಕಂಡದ್ದು ಮಾಡಿನ ತೊಲೆ, ಒಂದು ಟ್ಯೂಬ್‌ಲೈಟು, ಹಲ್ಲಿ.
ಕೇಳಿದ್ದು ಎಲ್ಲ.

ಅಂದರೆ ಇಷ್ಟು ವರ್ಷ ಕಿವಿ ನನ್ನಲ್ಲಿತ್ತು,
ಕಣ್ಣು ಮಿಂಗೆಲ್ ಮಾಸ್ತರರ ಕಪಾಟಿನಲ್ಲಿ.

ಒತ್ತುತ್ತೇನೆ.
ಮೊದಲು ಉಪ್ಪು ಚೆಲ್ಲಿದಂಥ ಚುಕ್ಕೆ. ಆಮೇಲೆ ಯಾರದೋ ಭುಜ.
ಆಮೇಲೆ ಕುರ್ಚಿಗಳು. ದೇವರೇ, ಎಷ್ಟೊಂದು ಖಾಲಿ ಕುರ್ಚಿ!
ಚಪ್ಪಾಳೆ ಕೇಳಿ ನಾನು ಸಾವಿರ ಜನ ಅಂದುಕೊಂಡಿದ್ದೆ.
ನಿಲ್ಲಿಸಿ, ಬೆರಳಿಟ್ಟು ಎಣಿಸಿದೆ: ನಲವತ್ತೊಂದು.
ಅದರಲ್ಲಿ ಇಬ್ಬರು ಪಾದ್ರಿಗಳು, ನಿದ್ದೆಹೋದ ಒಂದು ಮಗು.

ಸಾಂತಾನನ ಗಿಟಾರು ಕೆಂಪಲ್ಲ. ಕಂದು.
ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿದ ಗೆರೆ ಕಾಣುತ್ತದೆ.
ಗೋಡೆ ನಡುಗಿಸಿದ ಇನಾಸ್ ಸಿದ್ದಿ
ಇಷ್ಟು ಸಣ್ಣ ಹುಡುಗನೇ? ಎಡಗೈಯವನು.
ಡ್ರಮ್ಮಿನ ಒಂದು ಕಾಲು ಮುರಿದು, ಕೆಳಗೆ ಎರಡು ಇಟ್ಟಿಗೆ.
ನಾಲ್ಕನೆಯವನಿಗೆ ಕಂಬ ಅಡ್ಡ; ಬರೀ ಮೊಣಕೈ.
ಉಮಾಕಾಂತ ತಾಂಡೇಲ ಬೇಸ್ ಹಿಡಿದು ನೆಲ ನೋಡುತ್ತಾನೆ,
ದೋಣಿಯಿಂದ ನೀರಿನ ಆಳ ಅಂದಾಜು ಮಾಡುವವನಂತೆ.
ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ
ಸೈಕಲ್ಲಿನ ಮೇಲೆ ತರುತ್ತಿದ್ದನಂತೆ ಅದನ್ನು.
ಆ ಸೇತುವೆ ಹೊಳೆಗೆ ಬಿತ್ತು. ಅವನು ಮಸ್ಕತ್ತಿನಲ್ಲೋ ಎಲ್ಲೋ.

ಬಾಯಿಗಳು ಆಡುತ್ತವೆ, ಆಗಷ್ಟೇ ಬಲೆಯಿಂದ ಸುರಿದ ಬಾಂಗಡೆಯಂತೆ.
ನಾನು ಸದ್ದು ತುಂಬುತ್ತೇನೆ.
ಮೊದಲನೆಯ ಹಾಡು ಸರಿಹೋಯಿತು: ಇನಾಸನ ಕೈ ಇಳಿದಾಗ
ನನ್ನ ಹಲ್ಲಿನಲ್ಲಿ ಧಡ್ ಅಂದಿತು.
ಎರಡನೆಯದಕ್ಕೆ ನಾನು ಮುಂದೆ ಓಡಿದೆ, ಸಾಂತಾನ ಹಿಂದುಳಿದ.
ಮೂರನೆಯದು ಯಾವುದೋ, ನನಗೆ ಗೊತ್ತೇ ಇಲ್ಲ.
ಅಷ್ಟರಲ್ಲಿ ಶಟರಿನ ಕೆಳಗೆ ಬಗ್ಗಿ ಯಾರೋ:
'ಆಧಾರ್, ಎರಡು ಪ್ರತಿ, ಎರಡೂ ಮಗ್ಗುಲು.'
ಮಾಡಿಕೊಟ್ಟೆ. ಚಿಲ್ಲರೆ ಇರಲಿಲ್ಲ, ನಾಳೆ ಕೊಡಿ ಅಂದೆ.

ಒಂಬತ್ತನೆಯ ನಿಮಿಷ.
ಇದು ನೆನಪಿದೆ: ಬುಟ್ಟಿ ಜಾರಿತು.
ಬೀಳುವಾಗ ಕಿಟಕಿಯ ಹಲಗೆಗೆ ಕೈ ಬಡಿಯಿತು.
ಮೊಣಕೈಯಲ್ಲಿ ಈಗಲೂ ಕಲೆ.
ಪರದೆಯ ಮೇಲೆ, ಹಾಡಿನ ನಡುವೆ,
ಅಲ್ಲಿಯವರೆಗೆ ಒಮ್ಮೆಯೂ ಏಳದ ಉಮಾಕಾಂತನ ತಲೆ
ಎದ್ದು ಎಡಕ್ಕೆ ತಿರುಗುತ್ತದೆ,
ಹುಬ್ಬು ಗಂಟಿಕ್ಕಿ, ಯಾರದು ಎಂಬಂತೆ.
ಮತ್ತೆ ನೆಲಕ್ಕೆ.

ಬಾವಲಿ ಇರಬಹುದು. ಪಟಾಕಿ ಇರಬಹುದು,
ಕ್ರಿಸ್‌ಮಸ್ ಹತ್ತಿರವಿತ್ತು.
ಅವನಿಗೆ ಕಿಟಕಿ ಎಡಕ್ಕಿತ್ತೋ ಬಲಕ್ಕಿತ್ತೋ,
ಹೊರಗೇ ನಿಂತವಳಿಗೆ ಹೇಗೆ ಗೊತ್ತು?

ಹಿಂದಕ್ಕೆಳೆದು ಮತ್ತೆ ನೋಡಿದೆ. ಹದಿನಾಲ್ಕು ಸಲ.
ಹದಿನೈದನೆಯ ಸಲ, ಅವನ ತಲೆ ಏಳುವ ತುಸು ಮುಂಚೆ,
ಅಂಗಡಿಯ ಮೇಜಿಗೆ ಕೈಯಾರೆ ಬಡಿದೆ.

ತಿರುಗಿದ.