ಮಾಂಕಣ್ಣನ ಹನ್ನೊಂದು ಕೊಡೆ

ಕುಂಬಳೆ ಬಸ್‌ಸ್ಟೇಂಡಿನ ಬಲಕ್ಕೆ, ಜ್ಯೂಸಿನಂಗಡಿಗೆ ತಾಗಿ
ನನ್ನ ಲಾಟರಿ ಮೇಜು.
ಕ್ಲಿಪ್ಪು ಹಾಕಿಟ್ಟ ಕೋಟಿ ರೂಪಾಯಿ
ಗಾಳಿ ಬಂದರೆ ಪಟಪಟ ಹೊಡೆದುಕೊಳ್ಳುತ್ತದೆ.
ಮೂರು ಗಂಟೆಗೆ ಡ್ರಾ. ಆಮೇಲೆ ಅಷ್ಟೂ ಬರೀ ಕಾಗದ.

ಗಿರಾಕಿ ಇಲ್ಲದ ಹೊತ್ತಿಗೆ ಫೋನು ತೆಗೆಯುತ್ತೇನೆ.
ಎಂತಕ್ಕೆ ಅಂತ ಕೇಳಬೇಡಿ.
ಕೆಲವರು ಬೀಡಿ ಸೇದುತ್ತಾರೆ.

ಸಿಕ್ಕಿದ್ದು ಇಂಥವು:
ಒಂದೇ ಚಪ್ಪಲಿಯಲ್ಲಿ ಬಸ್ಸಿನ ಹಿಂದೆ ಓಡುವ ಹುಡುಗ,
ಇನ್ನೊಂದು ಆಗಲೇ ಹತ್ತಿ ಮೆಟ್ಟಿಲಲ್ಲಿ ಕೂತಿದೆ.
ಮೂರು ಭಾಷೆಯಲ್ಲಿ ಕಂಡಕ್ಟರನಿಗೆ ಬೈದು
ನಾಲ್ಕನೆಯದರಲ್ಲಿ ಮಗುವನ್ನು ಮುದ್ದಿಸಿದ ಹೆಂಗಸು.
ಫೋಟೋದಲ್ಲಿ ಬಾಯಿ ತೆರೆದೇ ಇದೆ,
ಬೈದದ್ದೋ ಮುದ್ದೋ, ಈಗ ನನಗೂ ತಿಳಿಯದು.
ತಕ್ಕಡಿಯೊಳಗೆ ಮಲಗಿದ ಬೆಕ್ಕು, ಎದುರು ತಟ್ಟೆಯಲ್ಲಿ
ಎರಡು ಕಿಲೋದ ಕಲ್ಲು.

ಆಸ್ಯಮ್ಮನ ಮೀನುಬುಟ್ಟಿಯತ್ತ ಹಿಡಿದಾಗ
ಸೆರಗು ಅಡ್ಡ ಎಳೆದುಕೊಂಡಳು:
ನನ್ನದು ಬೇಡ, ಬಂಗುಡೆಯದ್ದು ತೆಗಿ,
ಅದಕ್ಕೆ ನಾಚಿಕೆ ಇಲ್ಲ, ಕಣ್ಣೂ ಮುಚ್ಚುವುದಿಲ್ಲ.
ಬಂಗುಡೆಯದ್ದೇ ತೆಗೆದೆ.
ಅಂದಿನಿಂದ ಕೇಳಿದರೆ ಮುಖ, ಕೇಳದಿದ್ದರೆ ಬೆನ್ನು.

ಸೋಣ ತಿಂಗಳಲ್ಲೊಂದು ದಿನ ಜಲಜಾಕ್ಷಿ ಬಂದಳು,
ಸೊಂಟದ ಮೇಲೆ ಮಗುವಿನ ಹಾಗೆ ಕೊಡೆಗಳ ಕಟ್ಟು.
ಮಾಂಕಣ್ಣನ ಮಗಳು.
ಎದುರಿನ ಮೆಡಿಕಲ್ ಮೆಟ್ಟಿಲಲ್ಲಿ ಕೂತು
ಊರಿನ ಕೊಡೆಗಳಿಗೆ ಕಡ್ಡಿ ಕೂರಿಸುತ್ತಿದ್ದವನು,
ಆಟಿಯ ನಡುಮಳೆಯಲ್ಲಿ ಹೋದ.

"ಅಪ್ಪ ಸರಿ ಮಾಡಿಟ್ಟದ್ದು ಹನ್ನೊಂದು ಉಂಟು, ಯಾರ್ಯಾರದ್ದೋ.
ಚೀಟಿ ಬರೆಯುವ ಕ್ರಮ ಇಲ್ಲ, ಮುಖ ನೋಡಿಯೇ ಕೊಡುವುದು.
ನೀವು ದಿನಾ ಫೋಟೋ ತೆಗೆಯುತ್ತೀರಂತೆ.
ಒಮ್ಮೆ ನೋಡುವ."

ಸ್ಟೂಲು ಎಳೆದು ಕೂರಿಸಿದೆ.
ಎರಡು ಬೆರಳಲ್ಲಿ ರಸ್ತೆಯನ್ನು ಹಿಗ್ಗಿಸುತ್ತ ಹೋದೆವು.
ಚಪ್ಪಲಿಯ ಹುಡುಗನ ಹಿಂದೆ, ದೂರ,
ನೀಲಿ ಹೂವಿನ ಕೊಡೆ ಚಾಚಿದ ಒಂದು ಕೈ, ಕೈಯಲ್ಲಿ ದೊಡ್ಡ ವಾಚು:
ಸೂರಂಬೈಲಿನ ಟೀಚರು!
ಬೆಕ್ಕಿನ ಬಾಲದ ತುದಿಗೆ ಮರದ ಹಿಡಿ, ಅದಕ್ಕೊಂದು ಬಿಳಿ ಮುಂಡು:
ಪಳ್ಳಿಯ ಮುಕ್ರಿಕ್ಕ, ಬೇರೆ ಯಾರೂ ಅಲ್ಲ.
ಬಂಗುಡೆಗಳ ಮೇಲೆ ಮಸುಕಾಗಿ ಬಿದ್ದ ಹಸಿರು ನೆರಳು
ಆಸ್ಯಮ್ಮನದ್ದೇ.

ನಂಬ್ರ ತಾಳೆ ನೋಡುವವರ ಹಾಗೆ ಒಂದೊಂದೇ ನೋಡಿದೆವು.
ಹನ್ನೊಂದರಲ್ಲಿ ಎಂಟು ಬಿತ್ತು.
ನನ್ನ ಮೇಜಿನಲ್ಲಿ ಯಾರಿಗೂ ಇಷ್ಟು ಬಿದ್ದದ್ದಿಲ್ಲ.

ಆಗ ಕಂಡದ್ದು.
ಎರಡು ವರ್ಷ, ನಾಲ್ಕು ಸಾವಿರದ ಚಿಲ್ಲರೆ ಫೋಟೋ,
ಎಲ್ಲಿ ನೋಡಿದರೂ ಮಾಂಕಣ್ಣ.
ಒಂದು ಮೊಣಕೈ. ಹೆಗಲಿಲ್ಲದ ಬೈರಾಸು.
ಸೂಜಿ ಕಚ್ಚಿಕೊಂಡ ಅರ್ಧ ಗಲ್ಲ.
ಬಿಡಿಸಿಟ್ಟ ಕೊಡೆಯ ಹಿಂದೆ ಎರಡು ಪಾದ.
ಒಂದರಲ್ಲೂ ಪೂರ್ತಿ ಇಲ್ಲ.
ಎದುರೇ ಕೂತವನು,
ಹತ್ತೂವರೆಗೆ ಚಾ ಹೇಳುವಾಗ ಎರಡು ಬೆರಳು ಎತ್ತಿ
ನನಗೂ ಸೇರಿಸಿ ಹೇಳುತ್ತಿದ್ದವನು.
ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ.
ಕೇಳಲೇ ಇಲ್ಲ.

ಜಲಜಾಕ್ಷಿ ಪಾದದ ಫೋಟೋವನ್ನು ಹಿಗ್ಗಿಸಿದಳು,
ಇನ್ನೂ ಹಿಗ್ಗಿಸಿದಳು,
ಅದು ಚೌಕ ಚೌಕವಾಗಿ ಒಡೆಯುವವರೆಗೆ.
"ಉಗುರು ತೆಗೆಯಲಿಲ್ಲ ನೋಡಿ," ಅಂದಳು,
"ಹೇಳಿ ಹೇಳಿ ಸಾಕಾಗಿತ್ತು."

ಉಳಿದದ್ದು ಮೂರು.
ಮೆಡಿಕಲ್‌ನವರ ಕಿಟಕಿ ಸರಳಿಗೆ ಸಿಕ್ಕಿಸಿ ಹೋದಳು,
ಯಾರಾದರೂ ಗುರುತಿಸಿಯಾರು ಅಂತ.
ನಾಲ್ಕು ದಿನ ನೋಡುತ್ತಲೇ ಇದ್ದೆ, ಎದುರಿನಿಂದ.
ಐದನೆಯ ದಿನ ಟಿಕೆಟು ಹರಿಯುತ್ತಿದ್ದ ಕೈ ಅಲ್ಲೇ ನಿಂತಿತು.
ನಡುವಿನದು, ಕಪ್ಪು, ಕಡ್ಡಿಗೆ ಕೆಂಪು ನೂಲು ಸುತ್ತಿದ್ದು,
ನನ್ನದು.

ವಿಷುವಿನ ಮೊದಲು ಕೊಟ್ಟು ಮರೆತದ್ದು.
ಫೋಟೋದಲ್ಲಿ ಹೇಗೆ ಸಿಗಬೇಕು?
ಅಷ್ಟರಲ್ಲಿ ಯಾವುದರಲ್ಲೂ ನಾನಿಲ್ಲ.

ಮೂವತ್ತು ರೂಪಾಯಿ ಬಾಕಿ ಉಂಟು.
ರಸ್ತೆ ದಾಟಿ ತಂದು ಬಿಡಿಸಿದೆ. ಎಂಟೂ ಕಡ್ಡಿ ಸರಿ.
ಮೂರು ಗಂಟೆ ಕಳೆದಿತ್ತು, ಡ್ರಾ ಆಗಿತ್ತು,
ಒಳ್ಳೆ ಬಿಸಿಲು.
ಮಡಿಸಲಿಲ್ಲ.