ತಿದ್ದುಪಡಿ

ಒಟ್ಟಮ್ವಾದಲ್ಲಿ ಜನವರಿ. ನದಿಯ ಅಂಚು ಗಾಜು ಕಟ್ಟಿತ್ತು.
ಮಾಂಸದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿದವರು
ಮಕ್ಕಳನ್ನು ಶಾಲೆಯ ಬಾಗಿಲಲ್ಲಿಳಿಸಿ
ಕಾರಿನಲ್ಲೇ ಒಂದು ಗಳಿಗೆ ಕಣ್ಣು ಮುಚ್ಚುವ ಹೊತ್ತು.

ವರ್ನಾ ಟಿಲ್ಮನ್ ನಮ್ಮ ನಾಲ್ವರನ್ನು ಕರೆದು
ಮೇಜಿನ ಮೇಲೆ ಹಾಳೆಯಿಟ್ಟಳು:
ಆಪ್ತಸಮಾಲೋಚಕರು ಇನ್ನು ಬರೆಯಬಾರದ ಮೂವತ್ತೊಂದು ಪದ.
ಮೇಲಿನಿಂದ ಬಂದದ್ದು, ಎಂದಳು.
ಮೇಲೆ ಅಂದರೆ ಯಾರು ಎಂದು ಯಾರೂ ಕೇಳಲಿಲ್ಲ.
ಛಾವಣಿಯಲ್ಲಿ ಹೀಟರು ಗೊರಗೊರ ಅಂತಿತ್ತು.

ತಿದ್ದುವುದು ಅಂದರೆ ನನಗೆ ಬೇರೆಯೇ ನೆನಪು.
ಸೋದರತ್ತೆ ಸ್ಲೇಟಿನಲ್ಲಿ ಬರೆದುಕೊಟ್ಟ ಅಕಾರ
ದಪ್ಪಗಾಗಿ, ಹೊಟ್ಟೆ ಬಂದು,
ತನ್ನ ಗುರುತು ತನಗೇ ಸಿಗದಷ್ಟು ಸಲ
ಅದರ ಮೇಲೇ ಬಳಪ ಎಳೆಯುವುದು.
ಇಲ್ಲಿ ತಿದ್ದುವುದೆಂದರೆ ಅಳಿಸುವುದು.
ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿ ವೈವಿಧ್ಯ ಹೋಯಿತು,
ಮಗ್ಗುಲಲ್ಲೇ ಸಮತೆ.
ಒಳಗೊಳ್ಳುವಿಕೆ ಇದ್ದ ಕಡೆ
ವಾಕ್ಯ ಕಾಲು ಮುರಿದ ಸ್ಟೂಲಿನಂತೆ ವಾಲಿತು.
ಅದರ ಮೇಲೆ ಕೂರುವವರು ಯಾರೆಂದು
ನಮಗೆ ಹೆಸರು ಹಿಡಿದು ಗೊತ್ತು.

ಕಳೆದ ವರ್ಷ ಸೇರಿದ ಕೇಲಬ್ ಕುರ್ಚಿ ಹಿಂದೆ ತಳ್ಳಿದ:
"ಸಹಿ ಹಾಕುತ್ತೀರಾ?"
ಹಾಕಿದಳು. ನಮ್ಮೆದುರೇ. ನಿಧಾನಕ್ಕೆ, ಪೂರ್ತಿ ಹೆಸರು.
"ನಾಲ್ಕು ಸಂಬಳ, ಎಂಟುನೂರು ಮಕ್ಕಳು.
ನಾನೆದ್ದರೆ ಈ ಕುರ್ಚಿಗೆ ಯಾರು ಬರುತ್ತಾರೆ
ನನಗೆ ಗೊತ್ತು."
ಅದು ಧೈರ್ಯವೋ ದಣಿವೋ
ಇವತ್ತಿಗೂ ಹೇಳಲಾರೆ.
ಕೇಲಬ್ ಕೆಲಸ ಬಿಟ್ಟ. ಅವನ ಕಾಫಿ ಲೋಟ
ಇನ್ನೂ ಸಿಂಕಿನಲ್ಲಿದೆ, ತೊಳೆಯುವವರಿಲ್ಲದೆ.

ಬಾಗಿಲ ಮೇಲಿನ ಪೋಸ್ಟರು ಕಿತ್ತದ್ದು ನಾನೇ.
ಹನ್ನೆರಡು ಭಾಷೆಯಲ್ಲಿ ಒಂದೇ ಮಾತು: ಒಳಗೆ ಬಾ.
ಸ್ವಾಹಿಲಿ, ಸ್ಪ್ಯಾನಿಷ್, ಚೂಕೀಸ್,
ಕೊನೆಯಲ್ಲಿ, ಓದುವವಳು ನಾನೊಬ್ಬಳೇ ಆದರೂ, ಕನ್ನಡ.
ಉಗುರಿನಿಂದ ಅಂಟು ಕೆರೆದೆ. ಬಾಗಿಲ ಬಣ್ಣವೂ ಕಿತ್ತು ಬಂತು.
ಬಿಸಿಲು ತಾಗದ ಚೌಕ ಉಳಿಯಿತು,
ಸುತ್ತಲಿನ ಬಾಗಿಲಿಗಿಂತ ಹೊಸದಾಗಿ.

ಮಂಗಳವಾರ ಮಧ್ಯಾಹ್ನ ಮಕ್ಕಳು ಸೇರುವ ದಿನ.
ಆ ಗುಂಪಿಗೊಂದು ಹೆಸರಿತ್ತು;
ಹೆಸರಿನ ಎರಡು ಪದ ಪಟ್ಟಿಯಲ್ಲಿದ್ದವು.
ವರ್ನಾ ಕ್ಯಾಲೆಂಡರಿನಲ್ಲಿ ಬರೆದಳು: ಮಂಗಳವಾರ. ಊಟ.
"ಇವೆರಡೂ ಪಟ್ಟಿಯಲ್ಲಿಲ್ಲ, ನೋಡಿದ್ದೇನೆ," ಎಂದಳು.
ನಗಲಿಲ್ಲ.

ಬಹಾಟಿ ಬಂದು ಹೊಸ್ತಿಲಲ್ಲೇ ನಿಂತ.
ತಟ್ಟೆಯಲ್ಲಿ ಪಿಜ್ಜಾ ಆರುತ್ತಿತ್ತು.
ಚೌಕದ ಮೇಲೆ ಬೆರಳಿಟ್ಟು,
"ಇಲ್ಲಿ ಬರೆದಿತ್ತಲ್ಲ. ಈಗಲೂ ಬರಬಹುದಾ?"

ಕಲಿತ ತರಬೇತಿಯೆಲ್ಲ ಎಲ್ಲೋ ಹೋಗಿ
ಬಾಯಿಗೆ ಬಂದದ್ದು ನಮ್ಮ ಒಂದಕ್ಷರ: ಬಾ.
ಅವನಿಗೆ ಕನ್ನಡ ಬಾರದು.
ಬಂದ.

ಹನ್ನೊಂದು ಕುರ್ಚಿ, ಹದಿಮೂರು ಮಕ್ಕಳು.
ಒಬ್ಬಳು ಕಿಟಕಿಯ ಕಟ್ಟೆ ಹತ್ತಿದಳು. ಇನ್ನೊಬ್ಬನಿಗೆ
ವರ್ನಾ ತನ್ನ ಕುರ್ಚಿಯನ್ನೇ ಉರುಳಿಸಿಕೊಂಡು ಬಂದಳು,
ಸಹಿ ಹಾಕಿ ಉಳಿಸಿಕೊಂಡದ್ದನ್ನು,
ತಾನು ಗೋಡೆಗೊರಗಿ ನಿಂತು ಸೇಬು ತಿಂದಳು.

ವರದಿಯಲ್ಲಿ ಉದ್ದೇಶ ಎಂಬ ಅಂಕಣದಲ್ಲಿ
ಊಟ ಎಂದಷ್ಟೇ ಬರೆದೆ.
ಸಂಜೆ ವಾಪಸು ಬಂತು: ತಿದ್ದಿ ಕಳಿಸಿ.

ತಿದ್ದಿದೆ.
ಪೆನ್ನು ಒತ್ತಿ,
ಅದೇ ಎರಡಕ್ಷರದ ಮೇಲೆ.